ಅಮ್ಮನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಇನ್ನು ವೋಟು ಹಾಕಿ ಪ್ರಯೋಜನ ಉಂಟಾ?

ಬಿಜೈ ಮನೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ವಿಷಯ ಇದು. ಈಗ ಮಂಗಳೂರು ಪಾಲಿಕೆ ಚುನಾವಣೆಯ ಮಾತು ಮತ್ತೆ ಕೇಳುತ್ತಿದೆ. ಹಾಗಾಗಿ ಬರೆಯುತ್ತಿದ್ದೇನೆ.

2024ರ ಏಪ್ರಿಲ್ 26, ಲೋಕಸಭೆ ಚುನಾವಣೆ. ಬಿಸಿಲು ಏರುವ ಮೊದಲೇ ಹೋಗಿ ಬರೋಣ ಎಂದು ಅಮ್ಮ ಆರೂವರೆಗೇ ತಯಾರಾಗಿದ್ದರು. ಅವರಿಗೆ ಆಗ 76 ವರ್ಷ. ಮೊಣಕಾಲು ನೋವು. ಆದರೂ ಮದುವೆ ಮನೆಗೆ ಹೋಗುವ ಹಾಗೆ ಒಳ್ಳೆ ಉಡುಪಿ ಸೀರೆ ಉಟ್ಟಿದ್ದರು. 1971ರಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ.

ಒಳಗೆ ಹೋದೆವು. ಪಟ್ಟಿ ಹಿಡಿದವರು ಹೆಸರುಗಳ ಕೆಳಗೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಇಳಿಸುತ್ತಾ ಹೋದರು. ನನ್ನ ಹೆಸರು ಸಿಕ್ಕಿತು, ಅಮ್ಮನದ್ದು ಇಲ್ಲ. ಇನ್ನೊಮ್ಮೆ ನೋಡಿದರು. ಇಲ್ಲ. ಗುರುತಿನ ಚೀಟಿ ಕೈಯಲ್ಲೇ ಇತ್ತು. "ಚೀಟಿ ಇದ್ದರೆ ಸಾಲದು ಅಮ್ಮ, ಪಟ್ಟಿಯಲ್ಲಿ ಹೆಸರು ಬೇಕು" ಎಂದರು. ಅಮ್ಮ ಎಡಗೈ ಬೆರಳು ಮುಂದೆ ಚಾಚಿಕೊಂಡೇ ನಿಂತಿದ್ದರು. "ಹಾಗಾದರೆ ಶಾಯಿಯೂ ಹಾಕುವುದಿಲ್ಲವಾ?" ಎಂದು ಕೇಳಿದರು. ಆ ಮಾತು ನನಗೆ ಇವತ್ತಿಗೂ ಮರೆಯುವುದಿಲ್ಲ.

ಆಮೇಲೆ ವಿಚಾರಿಸಿದಾಗ "ವಾಸ ಬದಲಿಸಿದ್ದಾರೆ" ಎಂದು ಹೆಸರು ತೆಗೆದದ್ದು ಗೊತ್ತಾಯಿತು. ಹಿಂದಿನ ವರ್ಷ ಆಪರೇಷನ್ ಆದ ಮೇಲೆ ನಾಲ್ಕು ತಿಂಗಳು ಮೂಡುಬಿದಿರೆಯಲ್ಲಿ ಅಕ್ಕನ ಮನೆಯಲ್ಲಿ ಇದ್ದರು. ಅಷ್ಟೇ.

ಅಂದಿನಿಂದ ನನ್ನ ತಮ್ಮ ಒಂದೇ ಹಠ ಹಿಡಿದಿದ್ದಾನೆ. "ಎಲ್ಲ ಮೊದಲೇ ಫಿಕ್ಸ್. ಇನ್ನು ನಾನು ವೋಟು ಹಾಕುವುದಿಲ್ಲ" ಎನ್ನುತ್ತಾನೆ. ಅವನಿಗೆ ಏನು ಹೇಳಬೇಕು ಎಂದು ನನಗೆ ಗೊತ್ತಾಗುತ್ತಿಲ್ಲ. ಅವನ ಸಿಟ್ಟು ಸುಳ್ಳಲ್ಲವಲ್ಲ. ನೀವೆಲ್ಲ ಏನು ಹೇಳುತ್ತೀರಿ?

ಕಾರ್ಕಳದ ಮಾಸ್ಟ್ರು

ನಿಮ್ಮ ಅಮ್ಮನ ವಿಷಯ ಓದಿ ತುಂಬಾ ಬೇಜಾರಾಯಿತು. ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ಸರ್ವಿಸಿನಲ್ಲಿ ಇದ್ದಾಗ ತುಂಬಾ ಸಲ ಎಲೆಕ್ಷನ್ ಡ್ಯೂಟಿ ಮಾಡಿದ್ದೇನೆ. ಪ್ರಿಸೈಡಿಂಗ್ ಆಫೀಸರ್ ಆಗಿಯೂ ಕುಳಿತಿದ್ದೇನೆ. ನಿಮ್ಮ ತಮ್ಮನಿಗೆ ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಹಿಂದಿನ ದಿನ ಸಂಜೆಯೇ ಯಂತ್ರ ಹಿಡಿದುಕೊಂಡು ಶಾಲೆ ಸೇರುತ್ತೇವೆ. ಬೆಂಚು ಜೋಡಿಸಿ ಮಲಗುವುದು. ಬಿಸಿಯೂಟದ ಅಕ್ಕ ಗಂಜಿ, ಚಟ್ನಿ ಮಾಡಿ ಕೊಡುತ್ತಾರೆ. ನಿದ್ದೆ ಬರುವುದಿಲ್ಲ, ಯಂತ್ರದ್ದೇ ಚಿಂತೆ. 7 ಗಂಟೆಗೆ ಮತದಾನ ಶುರು ಎಂದರೆ ಐದೂವರೆಗೆ ಅಣಕು ಮತದಾನ ಆಗಬೇಕು. ಪಕ್ಷಗಳ ಏಜೆಂಟರ ಎದುರಿಗೇ ಕಡಿಮೆ ಎಂದರೆ 50 ವೋಟು ಒತ್ತಿ ನೋಡುತ್ತೇವೆ. ಯಾವ ಗುಂಡಿ ಒತ್ತಿದೆವೋ ಅದೇ ಲೆಕ್ಕ ಬಂತಾ, ವಿವಿಪ್ಯಾಟ್ (ಯಾರಿಗೆ ವೋಟು ಬಿತ್ತು ಎಂದು ಕಾಗದದಲ್ಲಿ ತೋರಿಸುವ ಯಂತ್ರ) ಚೀಟಿಯೂ ಅದನ್ನೇ ಹೇಳುತ್ತದಾ ಎಂದು ಎಲ್ಲರೂ ಎಣಿಸುತ್ತಾರೆ. ಆಮೇಲೆ ಕ್ಲಿಯರ್ ಒತ್ತಿ ಸೊನ್ನೆ ತೋರಿಸಬೇಕು. ಆ ಚೀಟಿಗಳನ್ನು ತೆಗೆದು ಕಪ್ಪು ಲಕೋಟೆಯಲ್ಲಿ ಹಾಕಿ ಸೀಲ್ ಮಾಡಬೇಕು. ಸೀಲಿನ ಮೇಲೆ ಏಜೆಂಟರೂ ಸಹಿ ಹಾಕುತ್ತಾರೆ.

ಒಂದು ಬೂತಿನಲ್ಲಿ ಏನಾಯಿತು ಗೊತ್ತಾ? ಐದೂವರೆಗೆ ಒಬ್ಬ ಏಜೆಂಟನೂ ಬಂದಿಲ್ಲ. ಕಾಲು ಗಂಟೆ ಕಾದೆ. ಕೊನೆಗೆ ಒಬ್ಬ ಹುಡುಗ ಓಡಿ ಬಂದ. ಉಳಿದವರು ಬಂದದ್ದು ಏಳೂವರೆಗೆ. ಮಧ್ಯಾಹ್ನ ಅವರಲ್ಲೇ ಒಬ್ಬ "ಮೆಷಿನ್ ಸರಿ ಉಂಟಾ ಸಾರ್?" ಎಂದು ಕೇಳಿದ. ನೋಡುವ ಹೊತ್ತಿಗೆ ಬಂದಿದ್ದರೆ ಕೇಳುವ ಕೆಲಸವೇ ಇರಲಿಲ್ಲ.

ಸಂಜೆ 6ಕ್ಕೆ ಸಾಲಿನಲ್ಲಿ ಇನ್ನೂ ಜನ ಇದ್ದರೆ ಚೀಟಿ ಕೊಡುತ್ತೇವೆ. ಅದನ್ನು ಸಾಲಿನ ಕೊನೆಯವರಿಂದ ಶುರು ಮಾಡುವುದು. ಹಾಗೆ ಮಾಡಿದರೆ ಹಿಂದೆ ಹೊಸಬರು ಬಂದು ಸೇರಲು ಆಗುವುದಿಲ್ಲ, ಮೊದಲೇ ಬಂದವರಿಗೆ ವೋಟು ತಪ್ಪುವುದೂ ಇಲ್ಲ. ಇಂಥ ಸಣ್ಣ ಸಣ್ಣ ವಿಷಯವನ್ನೂ ಯೋಚಿಸಿ ಮಾಡಿದ ಕ್ರಮ ಅದು. ಆದರೆ ನೋಡುವ ಕಣ್ಣು ಬೇಕು.

ಸುರತ್ಕಲ್ ಕೋಡರ್

ಮಾಸ್ಟ್ರೇ, ನಿಮ್ಮ ಮೇಲೆ ನನಗೆ ಪೂರ್ತಿ ಗೌರವ ಉಂಟು. ಆದರೆ ಬೂತಿನಲ್ಲಿ ಕುಳಿತವರು ಪ್ರಾಮಾಣಿಕರು ಎಂದ ಮಾತ್ರಕ್ಕೆ ಎಲ್ಲ ಸಂಶಯವೂ ಹೋಗುವುದಿಲ್ಲ. ನಾನು ಸಾಫ್ಟ್‌ವೇರ್ ಕೆಲಸದಲ್ಲಿ ಇರುವವ. "ನಂಬಿ" ಎಂದರೆ ನಮಗೆ ಸಾಲುವುದಿಲ್ಲ, ಪರೀಕ್ಷೆ ಮಾಡಲು ದಾರಿ ಬೇಕು.

ನಿಮಗೆ ನೆನಪಿರಬಹುದು. ನಾವೆಲ್ಲ ವೋಟು ಹಾಕಿದ ಅದೇ 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಎಲ್ಲ ವಿವಿಪ್ಯಾಟ್ ಚೀಟಿ ಎಣಿಸಬೇಕು ಎಂಬ ಬೇಡಿಕೆಯನ್ನು ಕೋರ್ಟ್ ಒಪ್ಪಲಿಲ್ಲ. ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಬೂತಿನ ಚೀಟಿ ಎಣಿಸುವ 2019ರ ಕ್ರಮವೇ ಉಳಿಯಿತು. ಆದರೆ ಎರಡು ಹೊಸ ವಿಷಯ ಸೇರಿತು. ವಿವಿಪ್ಯಾಟಿಗೆ ಚಿಹ್ನೆ ತುಂಬಿಸುವ ಯೂನಿಟನ್ನು ಫಲಿತಾಂಶದ ನಂತರ 45 ದಿನ ಸೀಲ್ ಮಾಡಿ ಇಡಬೇಕು. ಎರಡನೆ, ಮೂರನೆ ಸ್ಥಾನ ಬಂದವರು 7 ದಿನದೊಳಗೆ ಬರೆದು ಕೊಟ್ಟರೆ ಶೇ 5ರಷ್ಟು ಯಂತ್ರಗಳನ್ನು ಪರೀಕ್ಷೆ ಮಾಡಿಸಬಹುದು. ಖರ್ಚು ಅವರದ್ದು. ಯಂತ್ರ ತಿದ್ದಿದ್ದು ಸಾಬೀತಾದರೆ ಹಣ ವಾಪಸ್.

ಇದು ಒಳ್ಳೆಯದೇ. ಆದರೆ ಅದೇ ವರ್ಷ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಬೂತಿನ ಸಿಸಿಟಿವಿ ದೃಶ್ಯದಂಥ ದಾಖಲೆ ಜನರಿಗೆ ಸಿಗದ ಹಾಗೆ ಮಾಡಿದರು. ಮತದಾರರ ಗುಟ್ಟು, ಸುರಕ್ಷತೆ ಎಂದು ಕಾರಣ ಕೊಟ್ಟರು. ಕಾರಣ ಇರಬಹುದು. ಆದರೆ ಬಾಗಿಲು ಮುಚ್ಚಿದ ಕೂಡಲೇ ಒಳಗೆ ಏನಾಗುತ್ತದೆ ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ ಅಲ್ವಾ? ಸಂಶಯ ಕೇಳುವವರನ್ನೆಲ್ಲ ದೇಶದ್ರೋಹಿ ಎಂದರೆ ಸಂಶಯ ಹೋಗುವುದಿಲ್ಲ. ಇನ್ನೂ ಗಟ್ಟಿಯಾಗುತ್ತದೆ.

ಇಷ್ಟಾದರೂ ನಾನು ವೋಟು ಹಾಕುತ್ತೇನೆ. ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತದೆ. ನಮ್ಮ ಮನೆಯವರಿಗೆಲ್ಲ ಹೇಳಿದ್ದೇನೆ, ಗುಂಡಿ ಒತ್ತಿ ಓಡಬೇಡಿ, ಚೀಟಿ ಬೀಳುವ ತನಕ ನಿಂತು ನೋಡಿ ಎಂದು. ತಪ್ಪು ಚಿಹ್ನೆ ಬಂದರೆ ಅಲ್ಲೇ ಹೇಳಬಹುದು. ಬರೆದು ಕೊಟ್ಟರೆ ಪರೀಕ್ಷಾ ವೋಟು ಹಾಕಿಸಿ ನೋಡುತ್ತಾರೆ. ದೂರು ಸುಳ್ಳು ಎಂದಾದರೆ ಶಿಕ್ಷೆ ಉಂಟು, ಅದಕ್ಕೇ ಜನ ಹೆದರುತ್ತಾರೆ. ಈ ನಿಯಮ ಬದಲಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಸಂಗಡಿಯವ

ಗಡಿಯಾಚೆಯಿಂದ ಒಂದು ಮಾತು. ತಲಪಾಡಿ ದಾಟಿದರೆ ನಮ್ಮ ಮಂಜೇಶ್ವರ. ದಿನಾ ಕೆಲಸಕ್ಕೆ ಮಂಗಳೂರಿಗೇ ಬರುವವರು ನಾವು. ಒಂದು ವೋಟಿಗೆ ಬೆಲೆ ಇಲ್ಲ ಎಂದು ನಮ್ಮ ಊರಿನಲ್ಲಿ ಯಾರೂ ಹೇಳುವುದಿಲ್ಲ. 2016ರ ಕೇರಳ ವಿಧಾನಸಭೆ ಚುನಾವಣೆಯಲ್ಲಿ ಇಲ್ಲಿ ಅಬ್ದುಲ್ ರಜಾಕ್ ಗೆದ್ದದ್ದು, ಸುರೇಂದ್ರನ್ ಸೋತದ್ದು ಬರೇ 89 ವೋಟಿಗೆ. ನಮ್ಮ ಒಂದು ಮದುವೆ ಹಾಲಿನಲ್ಲಿ ಒಂದು ಪಂಕ್ತಿಗೆ ಅದಕ್ಕಿಂತ ಜಾಸ್ತಿ ಜನ ಊಟಕ್ಕೆ ಕೂರುತ್ತಾರೆ.

ಆಮೇಲೆ ಕೇಸು ಹೈಕೋರ್ಟಿಗೆ ಹೋಯಿತು. ತೀರಿಹೋದವರ ಹೆಸರಿನಲ್ಲಿ, ವಿದೇಶದಲ್ಲಿ ಇರುವವರ ಹೆಸರಿನಲ್ಲಿ ಕಳ್ಳ ವೋಟು ಬಿದ್ದಿದೆ ಎಂಬುದು ದೂರು. ಸಮನ್ಸ್ ಹೊರಟಾಗ, ತೀರಿಹೋದವರು ಎಂದು ಬರೆದಿದ್ದ ಪಟ್ಟಿಯಲ್ಲಿನ ಕೆಲವರು ತಾವೇ ಬಂದು ಸಹಿ ಹಾಕಿ ಅದನ್ನು ತೆಗೆದುಕೊಂಡರು. ಶಾಸಕರು 2018ರಲ್ಲಿ ತೀರಿಕೊಂಡರು. ಮರು ವರ್ಷ ಅರ್ಜಿ ವಾಪಸ್ ಆಯಿತು, ಉಪಚುನಾವಣೆ ನಡೆಯಿತು. ಮೂರು ವರ್ಷ ಊರಿಡೀ ಅದೇ ಮಾತು, ಕೊನೆಗೂ ಪೂರ್ತಿ ಇತ್ಯರ್ಥ ಆಗಲೇ ಇಲ್ಲ. 2021ರಲ್ಲಿ ಮತ್ತೆ 745 ವೋಟಿನ ಅಂತರ.

ನಾನು ಕಲಿತದ್ದು ಇಷ್ಟು. ಪಟ್ಟಿ ಸರಿ ಇಲ್ಲದಿದ್ದರೆ ಗೆದ್ದವರಿಗೂ ನೆಮ್ಮದಿ ಇಲ್ಲ, ಸೋತವರಿಗೂ ಇಲ್ಲ.

ಪಡುಬಿದ್ರಿ ಪಡುಗಾಳಿ

ಒಂದು ಮೆಸೇಜ್ ನಮ್ಮ ಕುಟುಂಬದ ಗ್ರೂಪಿನಲ್ಲಿ ಬಂದಿತ್ತು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ "ಚಾಲೆಂಜ್ ವೋಟ್" ಹಾಕಬಹುದಂತೆ. ಒಂದು ಬೂತಿನಲ್ಲಿ ಶೇ 14ಕ್ಕಿಂತ ಜಾಸ್ತಿ ಟೆಂಡರ್ ವೋಟ್ ಬಿದ್ದರೆ ಅಲ್ಲಿ ಮರುಮತದಾನವಂತೆ. ಬಿಜೈಯವರ ಅಮ್ಮ ಹಾಗೆ ಮಾಡಬಹುದಿತ್ತಲ್ಲ?

ಕಾರ್ಕಳದ ಮಾಸ್ಟ್ರು

ದಯವಿಟ್ಟು ಆ ಮೆಸೇಜನ್ನು ಯಾರಿಗೂ ಕಳಿಸಬೇಡಿ. ಎರಡೂ ತಪ್ಪು. ಪ್ರತಿ ಚುನಾವಣೆಗೂ ಅದು ಮತ್ತೆ ಮತ್ತೆ ಬರುತ್ತದೆ. ಅದನ್ನು ನಂಬಿ ಬಂದ ಪಾಪದವರಿಗೆ ನಾವು ಬೂತಿನಲ್ಲಿ "ಇಲ್ಲ" ಎನ್ನಬೇಕಾಗುತ್ತದೆ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡ್ ತೋರಿಸಿದರೂ ವೋಟು ಇಲ್ಲ. ಹೆಸರಿದ್ದು ಚೀಟಿ ಮರೆತಿದ್ದರೆ ತೊಂದರೆ ಇಲ್ಲ. ಆಧಾರ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಉದ್ಯೋಗ ಖಾತರಿ ಕಾರ್ಡ್, ಯಾವುದಾದರೂ ನಡೆಯುತ್ತದೆ.

ಚಾಲೆಂಜ್ ಎಂದರೆ ಬೇರೆಯೇ. ಬಂದವನು ಆ ವ್ಯಕ್ತಿ ಅಲ್ಲ ಎಂದು ಏಜೆಂಟ್ 2 ರೂಪಾಯಿ ಕಟ್ಟಿ ತಕರಾರು ಎತ್ತುವುದು. ಟೆಂಡರ್ ಎಂದರೆ ನಿಮ್ಮ ಹೆಸರಿನಲ್ಲಿ ಯಾರೋ ಮೊದಲೇ ವೋಟು ಹಾಕಿ ಹೋಗಿದ್ದಾರೆ, ಆಮೇಲೆ ನಿಜವಾದ ನೀವು ಬಂದಿದ್ದೀರಿ. ಆಗ ಕಾಗದದ ಮತಪತ್ರ ಕೊಡುತ್ತೇವೆ. ಅದು ಯಂತ್ರಕ್ಕೆ ಹೋಗುವುದಿಲ್ಲ, ಲಕೋಟೆಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಎಣಿಕೆಗೂ ಬರುವುದಿಲ್ಲ. ಆದರೆ ಕೋರ್ಟಿಗೆ ಹೋದರೆ ಅದು ಸಾಕ್ಷಿ. ಹಾಗಾಗಿ "ನಿಮ್ಮ ವೋಟು ಆಗಿದೆ" ಎಂದರೆ ಸುಮ್ನೆ ತಿರುಗಿ ಬರಬೇಡಿ. ಟೆಂಡರ್ ಮತಪತ್ರ ಕೊಡಿ ಎಂದು ಗಟ್ಟಿಯಾಗಿ ಕೇಳಿ.

ನಿರ್ವಾಹಕರು

ಪಕ್ಷಗಳ ಹೆಸರು ಹಿಡಿದು ಜಗಳ ಮಾಡಿದ ಕೆಲವು ಪ್ರತಿಕ್ರಿಯೆ ತೆಗೆದಿದ್ದೇವೆ. ಒಬ್ಬ ತಾಯಿಯ ವೋಟು ತಪ್ಪಿದ ವಿಷಯ ಇಲ್ಲಿ ನಡೆಯುತ್ತಿದೆ. ಅದರಲ್ಲೇ ಇರೋಣ.

ಬಿಎಲ್‌ಒ ಅಕ್ಕ, ಉಡುಪಿ

ಇದನ್ನು ಓದಿ ಎರಡು ದಿನ ಸುಮ್ಮನಿದ್ದೆ. ಬರೆಯಲೋ ಬೇಡವೋ ಎಂದು. ನಾನು ಅಂಗನವಾಡಿ ಕಾರ್ಯಕರ್ತೆ, ಬೂತ್ ಮಟ್ಟದ ಅಧಿಕಾರಿಯ ಕೆಲಸವೂ ನನ್ನದೇ. ಹೆಸರು ಹೇಗೆ ತಪ್ಪುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತೇನೆ.

ಮಧ್ಯಾಹ್ನ ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಪಟ್ಟಿ ಹಿಡಿದು ಹೊರಡುವುದು. ಹಳೆ ಮನೆಗಳಾದರೆ ಸುಲಭ. "ಬನ್ನಿ ಅಕ್ಕ, ಒಂದು ಲೋಟ ನೀರು ಕುಡಿಯಿರಿ" ಎನ್ನುತ್ತಾರೆ. ಅಜ್ಜಿ ಜಗಲಿಯಲ್ಲಿ ಕುಳಿತು ಇಡೀ ಕೇರಿಯ ಲೆಕ್ಕ ಹೇಳುತ್ತಾರೆ. ಯಾರಿಗೆ ಮದುವೆಯಾಯಿತು, ಯಾರು ತೀರಿಕೊಂಡರು, ಎಲ್ಲ. ಫ್ಲ್ಯಾಟ್‌ಗಳಲ್ಲಿ ಹಾಗಲ್ಲ. ಗೇಟಿನಲ್ಲೇ ನಿಲ್ಲಿಸುತ್ತಾರೆ. ಬೆಲ್ ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ವಾಚ್‌ಮ್ಯಾನ್ ಹತ್ತಿರ ಕೇಳಿದರೆ "ಅವರು ಈಗ ಇಲ್ಲಿಲ್ಲ" ಎನ್ನುತ್ತಾನೆ. ಪೇಟೆಗೆ ಹೋಗಿದ್ದಾರೋ, ದುಬೈಗೆ ಹೋಗಿದ್ದಾರೋ ಅವನಿಗೂ ಗೊತ್ತಿಲ್ಲ. ಮೂರು ಸಲ ಹೋದರೂ ಬೀಗವೇ. ಆಗ ಯಾರೋ ಒಬ್ಬರು "ಮನೆ ಬದಲಿಸಿದ್ದಾರೆ" ಎಂದು ಬರೆದು ಬಿಡುತ್ತಾರೆ. ಹಾಗೆ ಬರೆಯುವುದು ತಪ್ಪು. ನೋಟಿಸ್ ಕೊಡದೆ, ಮನೆಯವರ ಮಾತು ಕೇಳದೆ ಹೆಸರು ತೆಗೆಯುವ ಹಾಗಿಲ್ಲ. ಬಿಜೈ ಅಣ್ಣ, ನಿಮ್ಮ ತಾಯಿಗೆ ಆದದ್ದಕ್ಕೆ ನಮ್ಮ ಕೆಲಸದವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಈಗ ಮಾಡಬೇಕಾದ್ದು: ಹೆಸರು ಪೂರ್ತಿ ಹೋಗಿದ್ದರೆ ಫಾರ್ಮ್ 6. ವಿಳಾಸ ಬದಲು, ತಿದ್ದುಪಡಿ ಇದ್ದರೆ ಫಾರ್ಮ್ 8. ತೀರಿಕೊಂಡವರ ಹೆಸರು ತೆಗೆಯಲು ಫಾರ್ಮ್ 7. ಚುನಾವಣಾ ಆಯೋಗದ ಆಪಿನಲ್ಲಿ ಹಾಕಬಹುದು, ಇಲ್ಲದಿದ್ದರೆ ನಮ್ಮ ಕೈಯಲ್ಲೇ ಕೊಡಿ. 1950ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೆಸರು ತೆಗೆದ ಆದೇಶ ಸರಿ ಇಲ್ಲ ಎಂದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಉಂಟು. ಆದರೆ ಆದೇಶ ಆದದ್ದೇ ಗೊತ್ತಿಲ್ಲದವರು ಮೇಲ್ಮನವಿ ಮಾಡುವುದು ಹೇಗೆ? ಅದಕ್ಕೇ ಚುನಾವಣೆ ಘೋಷಣೆಗೆ ಮೊದಲೇ ಪಟ್ಟಿ ನೋಡಿ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುವುದು. ನಾಮಪತ್ರದ ಕೊನೆಯ ದಿನ ದಾಟಿದ ಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಸುರತ್ಕಲ್ ಕೋಡರ್

ಅಕ್ಕ, ನೀವು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಫಾರ್ಮ್ 7ರ ಇನ್ನೊಂದು ಮುಖವೂ ಉಂಟು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮೊದಲು ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿ ಬಂದಿತ್ತು. ಪರಿಶೀಲನೆಯಲ್ಲಿ ಸರಿ ಎಂದು ಸಿಕ್ಕಿದ್ದು 24 ಮಾತ್ರ. ಪೊಲೀಸ್ ಕೇಸು ಆಯಿತು. ಇದನ್ನು ಕೇಳಿ ನನಗೆ ಹೆದರಿಕೆಯೂ ಆಯಿತು, ಸ್ವಲ್ಪ ಧೈರ್ಯವೂ ಬಂತು. ಅರ್ಜಿ ಹಾಕಿದವರು ಯಾರು ಎಂಬುದು ಹೆದರಿಕೆ. ಮನೆ ಮನೆಗೆ ಹೋಗಿ ನೋಡಿದ್ದರಿಂದ ಅಷ್ಟೂ ಹೆಸರು ಉಳಿಯಿತು ಎಂಬುದು ಧೈರ್ಯ.

ಬಿಹಾರದಲ್ಲಿ 2025ರ ಆಗಸ್ಟಿನ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಬಿಟ್ಟುಹೋದವರ ಹೆಸರನ್ನು ಕಾರಣದ ಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಪ್ರತಿ ಬೂತಿನಲ್ಲೂ ಅದೇ ಆಗಬೇಕು. ತೆಗೆದ ಹೆಸರುಗಳ ಪಟ್ಟಿ ಪಂಚಾಯತ್ ಬಾಗಿಲಿನಲ್ಲಿ, ಅಂಗಡಿ ಗೋಡೆಯಲ್ಲಿ ಅಂಟಿಸಲಿ. ಊರಿನವರೇ ಓದಿ ಹೇಳುತ್ತಾರೆ, ಇವರು ಇದ್ದಾರೆ, ಇವರು ಇಲ್ಲ ಎಂದು.

ಬಂಟ್ವಾಳ ಏಜೆಂಟ್

ನಾನು ಎರಡು ಚುನಾವಣೆಗೆ ಏಜೆಂಟ್ ಆಗಿ ಕುಳಿತವ. ಯಾವ ಪಕ್ಷ ಎಂದು ಹೇಳುವುದಿಲ್ಲ. ತಮ್ಮನಿಗೆ ಹೇಳಿ, ಸಿಟ್ಟು ಇದ್ದರೆ ನನ್ನ ಹಾಗೆ ಬೂತಿನಲ್ಲಿ ಕುಳಿತುಕೊಳ್ಳಲಿ.

ಕೊನೆಗೆ ಮತಗಟ್ಟೆ ಅಧಿಕಾರಿ 17ಸಿ ಎಂಬ ಫಾರ್ಮ್ ಕೊಡುತ್ತಾರೆ. ಆ ಬೂತಿನಲ್ಲಿ ಎಷ್ಟು ವೋಟು ಬಿತ್ತು, ಯಂತ್ರದ ನಂಬರ್ ಏನು, ಸೀಲಿನ ನಂಬರ್ ಏನು, ಎಲ್ಲ ಅದರಲ್ಲಿ ಇರುತ್ತದೆ. ಸಹಿ ಹಾಕಿ ಪ್ರತಿ ತೆಗೆದುಕೊಳ್ಳಬೇಕು. ಎಣಿಕೆಯ ದಿನ ಸುರತ್ಕಲ್ ಎನ್ಐಟಿಕೆಯಲ್ಲಿ ಟೇಬಲ್ ಮುಂದೆ ಕುಳಿತಾಗ ಅದೇ ಕಾಗದ ಕೈಯಲ್ಲಿ ಹಿಡಿದು ತಾಳೆ ನೋಡುವುದು. ನನ್ನ ಬೂತಿನದ್ದು ಒಂದು ವೋಟೂ ಹೆಚ್ಚುಕಡಿಮೆ ಇರಲಿಲ್ಲ. ಬೇರೆ ಬೂತಿನದ್ದು ನಾನು ಹೇಳಲಾರೆ, ನಾನು ನೋಡಿಲ್ಲ. ಆದರೆ ಕೆಲವು ಏಜೆಂಟರು ಆರು ಗಂಟೆಗೆ ಎದ್ದು ಮನೆಗೆ ಹೋಗುತ್ತಾರೆ, 17ಸಿ ತೆಗೆದುಕೊಳ್ಳುವುದೇ ಇಲ್ಲ. ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಕುಂದಾಪ್ರದವ, ಬೆಂಗಳೂರು

ನಾನು ಬೆಂಗಳೂರಿನಲ್ಲಿ ಹೋಟೆಲ್ ಕೆಲಸ. ವೋಟು ಊರಿನಲ್ಲೇ. ಕಳೆದ ಸಲ ರಾತ್ರಿ ಬಸ್ಸಿನಲ್ಲಿ ಸೀಟು ಸಿಗದೆ ಡ್ರೈವರ್ ಪಕ್ಕ ಕುಳಿತು ಬಂದೆ. ಶಿರಾಡಿಯಲ್ಲಿ ಬಸ್ಸು ನಿಂತಾಗ ಚಹಾ ಅಂಗಡಿಯಲ್ಲಿ ಇದ್ದವರೆಲ್ಲ ವೋಟಿಗೆ ಹೊರಟವರೇ. 2024ರ ಆ ಚುನಾವಣೆಯಲ್ಲಿ ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರು ಎರಡೂ ಕ್ಷೇತ್ರದಲ್ಲಿ ಮತದಾನ ಶೇ 77 ದಾಟಿತು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. ಅದರ ಹಿಂದಿನ ವರ್ಷ ಅದೇ ಬೆಂಗಳೂರಿನ ಜಯನಗರದಲ್ಲಿ ಶಾಸಕರು ಯಾರು ಎಂದು ತೀರ್ಮಾನ ಆದದ್ದು 16 ವೋಟಿನಲ್ಲಿ, ಅದೂ ಮರುಎಣಿಕೆ ಆಗಿ ರಾತ್ರಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ವೋಟಿಗೆ.

ಒಂದು ವಿಷಯ ಕೆಲಸದ ಹುಡುಗರಿಗೆ ಗೊತ್ತಿಲ್ಲ. ಮತದಾನದ ದಿನ ಸಂಬಳ ಕತ್ತರಿಸದೆ ರಜೆ ಕೊಡಬೇಕು ಎಂದು ಕಾನೂನೇ ಉಂಟು, ದಿನಗೂಲಿಯವರಿಗೂ. ಕೇಳಿ ತೆಗೆದುಕೊಳ್ಳಿ.

ನೆರಿಯ ಹೊಳೆ

ಬೆಳ್ತಂಗಡಿ ಕಡೆಯಿಂದ. ನಮ್ಮ ನೆರಿಯ ಗ್ರಾಮದ ಬಾಂಜಾರುಮಲೆ ಹೆಚ್ಚಿನವರಿಗೆ ಗೊತ್ತಿಲ್ಲ. ಘಟ್ಟದ ಮೇಲೆ, ಕಾಡಿನ ನಡುವೆ. ಮಲೆಕುಡಿಯರ ಮನೆಗಳು. ಆಸ್ಪತ್ರೆ, ಪೇಟೆ ಎಲ್ಲ ದೂರ. 2024ರಲ್ಲಿ ಅಲ್ಲಿನ ಬೂತಿನಲ್ಲಿ 111 ಮತದಾರರು, ಬಿದ್ದ ವೋಟು 111. ರಸ್ತೆ ಬೇಕು, ಸೇತುವೆ ಬೇಕು ಎಂದು ವರ್ಷಗಟ್ಟಲೆ ಕೇಳಿದವರು ಅವರು. ಬೇಜಾರಾಗಿ ಮನೆಯಲ್ಲಿ ಕುಳಿತುಕೊಳ್ಳಲು ಅವರಿಗಿಂತ ಜಾಸ್ತಿ ಕಾರಣ ಯಾರಿಗೆ ಉಂಟು? ಒಬ್ಬರೂ ಕುಳಿತುಕೊಳ್ಳಲಿಲ್ಲ.

ಕಾರ್ಕಳದ ಮಾಸ್ಟ್ರು

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. ಚುನಾವಣೆಯೇ ನಡೆಯದಿದ್ದರೆ? ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಎಷ್ಟು ವರ್ಷ ಆಯಿತು ನೋಡಿ. ಪಾಲಿಕೆಯ 60 ವಾರ್ಡಿಗೂ 2019ರ ನವೆಂಬರಿನಲ್ಲಿ ವೋಟು ಹಾಕಿದ್ದು. ಚರಂಡಿ ಕಟ್ಟಿಕೊಂಡರೆ ಯಾರ ಹತ್ತಿರ ಹೇಳುವುದು? ವೋಟು ಕದ್ದರೆ ಎಲ್ಲರೂ ಬೊಬ್ಬೆ ಹೊಡೆಯುತ್ತೇವೆ. ವೋಟು ಹಾಕುವ ದಿನವನ್ನೇ ಮುಂದೂಡಿದರೆ ಯಾಕೆ ಸುಮ್ಮನಿರುತ್ತೇವೆ? ನನ್ನ ಮಟ್ಟಿಗೆ ಎರಡೂ ಒಂದೇ ಅನ್ಯಾಯ.

ಬಿಜೈ ಮನೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಬಿಎಲ್‌ಒ ಅಕ್ಕ ಹೇಳಿದ ಹಾಗೆ ಅಮ್ಮನಿಗೆ ಫಾರ್ಮ್ 6 ಹಾಕಿದೆವು. ನಮ್ಮ ಬೂತಿನ ಟೀಚರ್ ಮನೆಗೇ ಬಂದು ನೋಡಿ ಹೋದರು. ಈ ಎಲ್ಲ ಉತ್ತರವನ್ನು ತಮ್ಮನಿಗೆ ಓದಿ ಹೇಳಿದೆ. ಅವನು ಒಪ್ಪಿದ ಎಂದು ಹೇಳಲಾರೆ. ಆದರೆ ಸಂಜೆ ನಮ್ಮ ಬೂತಿನ ಪಟ್ಟಿ ಪೂರ್ತಿ ಪ್ರಿಂಟ್ ಮಾಡಿಸಿ ತಂದ. ಊಟದ ಮೇಜಿನ ಮೇಲೆ ಹರಡಿದೆವು. ಅಮ್ಮ ಕನ್ನಡಕ ಹಾಕಿ, ಆ ಅಧಿಕಾರಿಯ ಹಾಗೆಯೇ ಸ್ಕೇಲ್ ಇಟ್ಟು ಒಂದೊಂದೇ ಸಾಲು ಓದಲು ಶುರು ಮಾಡಿದರು. ರಾತ್ರಿ ಹತ್ತೂವರೆ ಆಯಿತು.

ಎದುರು ಮನೆಯ ಹುಡುಗಿಗೆ 18 ತುಂಬಿದೆ, ಕಾಲೇಜಿಗೆ ಹೋಗುತ್ತಾಳೆ, ಅವಳ ಹೆಸರಿಲ್ಲ. ಹಿಂದಿನ ಮನೆಯ ಸೊಸೆಯ ಹೆಸರಿಲ್ಲ. ಕೆಳಗಿನ ಮನೆಯ ಅಂಕಲ್ ತೀರಿಕೊಂಡು ಮೂರು ವರ್ಷ ಆಯಿತು, ಅವರ ಹೆಸರು ಫೋಟೋ ಸಮೇತ ಹಾಗೆಯೇ ಉಂಟು.

ಮರುದಿನ ಅಮ್ಮನೇ ಕೋಲು ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದರು. ಹುಡುಗಿಯ ಅರ್ಜಿ ತಮ್ಮ ಅಲ್ಲೇ ಫೋನಿನಲ್ಲಿ ತುಂಬಿಸಿದ. ಕೆಳಗಿನ ಮನೆಯ ಆಂಟಿ ಪಟ್ಟಿಯಲ್ಲಿದ್ದ ಗಂಡನ ಸಣ್ಣ ಫೋಟೋವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಮರಣ ಪತ್ರದ ಜೆರಾಕ್ಸ್ ತಂದು, ಫಾರ್ಮ್ 7ಕ್ಕೆ ಸಹಿ ಹಾಕಿ ಅಮ್ಮನ ಕೈಯಲ್ಲಿ ಕೊಟ್ಟರು.